ಸಮುದ್ರಕ್ಕೆ ಎರಡು ಮೊರ

ನವೆಂಬರ್ 3, ಸೋಮವಾರ. ಹಿಂದೂಪುರ

ಇವತ್ತೂ ಹುಣಸೆ ಮಂಡಿಗೆ ಬಿಡಲಿಲ್ಲ. ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿದ್ದೆ. ಅಡುಗೆಮನೆಯಲ್ಲಿದ್ದ ಶಿವಲೀಲಾಗೆ ಗೇಟಿನ ಚಿಲಕದ ಸದ್ದು ಅದು ಹೇಗೆ ಕೇಳಿಸುತ್ತದೋ ಆ ಶಿವನೇ ಬಲ್ಲ. "ಎಲ್ಲಿಗೆ ಹೊಂಟ್ರಿ?" ಅಂದಳು. "ಮಂಡಿ ಕಡೆ ಹೋಗಿ ಬತ್ತೀನಿ" ಅಂದೆ. "ಹುಣಸೆಹಣ್ಣು ಎಲ್ಲೂ ಓಡಿಹೋಗಲ್ಲ, ಒಳಕ್ಕೆ ಬನ್ನಿ" ಅಂದಳು. ಬಂದೆ. ಒಂದು ಚಿಟಿಕೆ ಹುಣಸೆಹಣ್ಣು ಬಾಯಿಗಿಟ್ಟು ಅದು ಪರಿಗಿ ಕಡೆಯದೋ ಮಡಕಶಿರಾ ಕಡೆಯದೋ ಹೇಳಬಲ್ಲ ವ್ಯಾಪಾರಿ ನಾನು, ಹೆಂಡತಿ ಕರೆದ ತಕ್ಷಣ ಬಾಲ ಮುದುರಿಕೊಂಡು ಬಂದು ಸೋಫಾದ ಮೇಲೆ ಕೂತೆ.

ಎದೆಗೆ ಸ್ಟೆಂಟ್ ಹಾಕಿ ಎರಡು ತಿಂಗಳಾಯಿತು. ಡಾಕ್ಟರು ನಡೆದಾಡಿ ಅಂದಿದ್ದಾರೆ. ಮನೆಯವರು ಮಾತ್ರ ನನ್ನನ್ನು ಗಾಜಿನ ಸಾಮಾನು ಮಾಡಿಬಿಟ್ಟಿದ್ದಾರೆ. ಮಗಳು ಸ್ನೇಹಲತಾ ಕಾಲೇಜಿನಿಂದ ಬಂದವಳು ಮೊದಲು ನನ್ನ ಮುಖ ನೋಡುತ್ತಾಳೆ, ಆಮೇಲೆ ಚಪ್ಪಲಿ ಬಿಡುತ್ತಾಳೆ. ನಾನೂ ಕಮ್ಮಿಯಿಲ್ಲ. ಮಹಡಿಯ ಮೆಟ್ಟಿಲು ಹತ್ತಿದಾಗಲೆಲ್ಲ ಮೇಲೆ ನಿಂತು ನಾಡಿ ಹಿಡಿದು ನೋಡಿಕೊಳ್ಳುತ್ತೇನೆ.

ಈ ಡೈರಿ ಕಲ್ಯಾಣದುರ್ಗದಲ್ಲಿರುವ ಅಣ್ಣನ ಅಂಗಡಿಗೆ ಗೊಬ್ಬರದ ಕಂಪನಿಯವರು ಕೊಟ್ಟಿದ್ದು. ಪುಟದ ಕೆಳಗೆ ಕಡಲೆಕಾಯಿಗೆ ಯಾವಾಗ ಏನು ಹಾಕಬೇಕೆಂದು ಅಚ್ಚಾಗಿದೆ. ಬಾಯಿಬಿಟ್ಟು ಬೈದರೆ ಬಿಪಿ ಏರುತ್ತದೆ ಅನ್ನುತ್ತಾರೆ. ಇದರಲ್ಲಿ ಬೈಯುತ್ತೇನೆ.

ನವೆಂಬರ್ 5, ಬುಧವಾರ

ತೀರ್ಮಾನ ಮಾಡಿದೆ. ಸಮುದ್ರಕ್ಕೆ ಹೋಗುವುದು.

ಸ್ನೇಹಾ ಫೋನಿನಲ್ಲಿ ಏನೋ ನೋಡುತ್ತಿದ್ದಳು. ಗೋಕರ್ಣದಿಂದಾಚೆ, ರಸ್ತೆಯೇ ಇಲ್ಲದ ಒಂದು ತೀರ. ಬೆಟ್ಟ ಹತ್ತಿ ಇಳಿಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಅಂಗಡಿಯಿಲ್ಲ, ಕರೆಂಟಿಲ್ಲ, ಕಪ್ಪು ಬಂಡೆಗೆ ನೀರು ಬಂದು ಅಪ್ಪಳಿಸುತ್ತದೆ. ಅವಳು ಸುಮ್ಮನೆ ತೋರಿಸಿದಳು, ನನಗೆ ಮಾತ್ರ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ನಮ್ಮ ಮನೆತನದಲ್ಲಿ ಒಬ್ಬರೂ ಸಮುದ್ರ ನೋಡಿದವರಿಲ್ಲ. ಸಂಕ್ರಾಂತಿ ರಜೆಗೆ ಎಲ್ಲರೂ ಹೋಗುವುದು, ಅಣ್ಣನ ಮನೆಯವರೂ ಸೇರಿ. ಟೆಂಟು ಹಾಕುವುದು. ದೋಣಿ ಬೇಡ, ನಾನು ಬೆಟ್ಟ ಹತ್ತಿಯೇ ಇಳಿಯುತ್ತೇನೆ.

"ಬೆಟ್ಟ ಹತ್ತೀರಾ?" ಅಂದಳು ಶಿವಲೀಲಾ. ಅಷ್ಟೇ ಅಂದಿದ್ದು. ಅದನ್ನು ಅಂದ ಧಾಟಿಗೆ ಮೈ ಉರಿಯಿತು. ಮಧ್ಯಾಹ್ನವೆಲ್ಲ ಮಹಡಿ ಮೇಲೆ ಶತಪಥ ಹಾಕಿದೆ. ನಾಡಿ ಮೂರು ಸಲ ನೋಡಿಕೊಂಡೆ, ಸರಿಯಾಗಿಯೇ ಇತ್ತು.

ನವೆಂಬರ್ 9, ಭಾನುವಾರ. ಕಲ್ಯಾಣದುರ್ಗ

ಓಬುಳಪತಿಯ ವ್ಯಾನಿನಲ್ಲಿ ಎಲ್ಲರೂ ಅಣ್ಣನ ಮನೆಗೆ ಬಂದೆವು. ಪ್ರವಾಸಕ್ಕೂ ಅವನೇ ಡ್ರೈವರ್. "ಅನ್ನಾ, ನುವ್ವು ಊ ಅನು, ನೇನು ರೆಡಿ" ಅಂದ, ನಾನು ಹೂಂ ಅಂದರೆ ಸಾಕಂತೆ. ಈ ಪ್ರಪಂಚದಲ್ಲಿ ನನ್ನನ್ನು ನೆಟ್ಟಗೆ ಮಾತಾಡಿಸುವವನು ಅವನೊಬ್ಬನೇ.

ಊಟವಾದ ಮೇಲೆ ವಿಷಯ ತೆಗೆದೆ. ಅಣ್ಣ ರೇಣುಕಾಪ್ರಸಾದ್ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ, ಆದರೂ ಅತ್ತಿಗೆ ಪದ್ಮಲತಾ ಹೋಗೋಣ ಅಂದುಬಿಟ್ಟರು. ಅಮ್ಮ ಹೊಸಲ ಹತ್ತಿರ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅವಳೇ ಬಾಯಿ ತೆಗೆದಳು.

"ಸಮುದ್ರಕ್ಕಾ? ನನ್ನೂ ಕರ್ಕೊಂಡು ಹೋಗ್ರಪ್ಪ. ಈ ಸಲ ತುಂಬೈತಂತೆ. ನಾಗಕ್ಕ ಫೋನ್ ಮಾಡಿದ್ಲು."

"ಸಮುದ್ರ ಯಾವತ್ತಮ್ಮ ಖಾಲಿಯಾಗಿತ್ತು?" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾಗಕ್ಕ ಅಮ್ಮನ ತವರಿನ ಗೆಳತಿ. ವಾರಕ್ಕೊಂದು ಸಲ ಫೋನಿನಲ್ಲಿ ಊರ ಸುದ್ದಿಯನ್ನೆಲ್ಲ ಅಮ್ಮನ ಕಿವಿಗೆ ಸುರಿಯುತ್ತಾಳೆ.

ಅಮ್ಮನೂ ನಕ್ಕಳು, ಸ್ವಲ್ಪ ತಡವಾಗಿ. "ನಗ್ರಿ ನಗ್ರಿ. ನಾನು ಅದ್ರಾಗೆ ಈಜಿದೀನಿ ಕಣ್ಲಾ. ಏನ್ ನೀರು ಅಂತೀಯ! ಬೆಲ್ಲ ಇದ್ದಂಗೆ."

ಆಗ ನಗು ನಿಂತುಹೋಯಿತು. ಅಮ್ಮ ಅನಂತಪುರ ದಾಟಿ ಆಚೆ ಹೋದವಳಲ್ಲ. ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ನನ್ನ ಮುಖ ನೋಡಿದ. ಅಮ್ಮ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು.

ನವೆಂಬರ್ 10, ಸೋಮವಾರ. ಹಿಂದೂಪುರ

ಅಣ್ಣ ಫೋನ್ ಮಾಡಿದ್ದ. ಅವನಿಗೆ ಮೊದಲಿಂದಲೂ ಅನುಮಾನವಿತ್ತಂತೆ. ಹೋದ ತಿಂಗಳು ಗ್ಯಾಸ್ ಆರಿಸಲು ಮರೆತಳಂತೆ. ಅವನನ್ನು ತೀರಿಹೋದ ನಮ್ಮ ತಂದೆಯ ಹೆಸರು ಹಿಡಿದು ಕರೆದಳಂತೆ. "ಮತಿಮರುಪು ಕಣೋ ರುದ್ರ. ಶುರುವಾಗ್ಬುಟ್ಟೈತೆ" ಅಂದ. ಆ ತೆಲುಗು ಮಾತನ್ನು ಅವನು ಮೆಲ್ಲಗೆ, ಅಂಗಡಿಯಲ್ಲಿದ್ದವರಿಗೆ ಕೇಳಿಸದಂತೆ ಹೇಳಿದ. ಅರಳುಮರಳು ಎಂದು ನಮ್ಮ ಭಾಷೆಯಲ್ಲೇ ಅಂದಿದ್ದರೆ ಇಷ್ಟು ದಿಗಿಲಾಗುತ್ತಿರಲಿಲ್ಲ.

ನನಗೆ ಅಳು ಬಂತು. ಅಮ್ಮನಿಗೆ ನಾನು ಯಾರೆಂದು ಗೊತ್ತಾಗದ ದಿನ ಬಂದರೆ ಏನು ಮಾಡುವುದು? ಶಿವಲೀಲಾಗೆ ಕಾಣದ ಹಾಗೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಹಾಗಿದ್ದಮೇಲೆ ಸಮುದ್ರಕ್ಕೆ ಅವಳನ್ನು ಕರೆದೊಯ್ಯಲೇಬೇಕು, ಅವಳಿಗೆ ತಿಳಿವಳಿಕೆ ಇರುವಾಗಲೇ.

ನವೆಂಬರ್ 14, ಶುಕ್ರವಾರ

ಹಗ್ಗ ತಂದೆ. ತಲೆಗೆ ಕಟ್ಟಿಕೊಳ್ಳುವ ಟಾರ್ಚು ತಂದೆ. ನೀರಿಗಿಳಿಯಲು ಕಿತ್ತಳೆ ಬಣ್ಣದ ಜಾಕೆಟ್ಟುಗಳು ಬಂದಿವೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಗ್ಯಾಸ್ ಸಿಲಿಂಡರ್ ಹಾಗೆ ಕಾಣುತ್ತೇನೆ. ಅಮ್ಮ ಬೆಟ್ಟ ಹತ್ತಲಾರಳು, ಆದ್ದರಿಂದ ದೋಣಿ. ಟೆಂಟಿನಲ್ಲಿ ನೆಲದ ಮೇಲೆ ಕೂರಲಾರಳು, ಆದ್ದರಿಂದ ಮಡಚುವ ಕುರ್ಚಿ. ಹಳೆಯ ಪ್ಲಾನನ್ನೆಲ್ಲ ಹರಿದು ಬಿಸಾಕಿ ಹೊಸದು ಮಾಡಿದೆ. ಸಾಯಂಕಾಲದ ಹೊತ್ತಿಗೆ ಅದೂ ಸರಿಯಿಲ್ಲ ಅನಿಸಿತು.

ದೊಡ್ಡ ತೊಡಕು ಪೂಜೆಯದು. ಅಮ್ಮ ಬೆಳಿಗ್ಗೆ ಕೊರಳಿನ ಲಿಂಗವನ್ನು ಅಂಗೈ ಮೇಲಿಟ್ಟು ನೀರೆರೆದು ಪೂಜೆ ಮಾಡದೆ ಒಂದು ಗುಟುಕು ಕಾಫಿಯನ್ನೂ ಕುಡಿಯುವುದಿಲ್ಲ. ಆ ತೀರದಲ್ಲಿ ಸಿಹಿನೀರು ಎಲ್ಲಿಂದ ತರುವುದು? ಫೋನ್ ಮಾಡಿ ಹೇಳಿದೆ, "ನಿನ್ನ ಪೂಜೆಗೆ ಮನೆ ಬಾವಿ ನೀರು ಕ್ಯಾನಿನಾಗೆ ತುಂಬ್ಕೊಂಡು ಬತ್ತೀನಿ ಕಣಮ್ಮ."

"ಸಮುದ್ರಕ್ಕೆ ಯಾರಾನ ನೀರು ಹೊತ್ಕೊಂಡು ಹೋಯ್ತಾರೇನೋ ದಡ್ಡ! ಅಲ್ಲೇ ಒಂದು ಚೊಂಬು ತುಂಬ್ಕೊಂಡ್ರಾಯ್ತು. ಅದಿರ್ಲಿ, ಹೊಸ ಮೊರ ಎರಡು ತರೋಕೆ ಲೀಲಾಗೆ ಹೇಳು. ಬಿದಿರಿಂದು. ಪ್ಲಾಸ್ಟಿಕ್ಕು ತಂದ್ಬುಟ್ಟಾಳು."

"ಆಯ್ತಮ್ಮ" ಅಂದೆ. ಇಂಥವರ ಜೊತೆ ವಾದ ಮಾಡಬಾರದೆಂದು ಅಣ್ಣ ಹೇಳಿದ್ದಾನೆ.

ನವೆಂಬರ್ 18, ಮಂಗಳವಾರ

ಜಗಳ. ಪ್ರವಾಸದ ಸಾಮಾನನ್ನೆಲ್ಲ ನಡುಮನೆಯಲ್ಲಿ ಜೋಡಿಸಿದ್ದೆ. ಜಾಕೆಟ್ಟುಗಳ ಪಕ್ಕದಲ್ಲಿ ಎರಡು ಬಿದಿರಿನ ಮೊರ, ಅರಿಶಿನ ಸವರಿ ಇಟ್ಟಿದ್ದಾರೆ. ನಾನು ಸುಮ್ಮನಿರಲಿಲ್ಲ.

"ಇದೇನು? ಸಮುದ್ರದ ದಂಡೆ ಮೇಲೆ ಅಕ್ಕಿ ಕೇರ್ತೀಯಾ?"

"ಬಾಗಿನ ಬಿಡೋಕಂತೆ. ಅತ್ತೆ ಹೇಳಿದ್ರು, ಅದಕ್ಕೇ ತಂದಿದೀನಿ" ಅಂದಳು ಶಿವಲೀಲಾ.

"ಅಮ್ಮನಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಗೊತ್ತಿದ್ದೂ ನೀನು ತಾಳ ಹಾಕ್ತೀಯಲ್ಲ?"

"ತಾಳ ಅಲ್ಲ. ಹಿರಿಯರು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಮೊರ ನಿಮ್ಮ ಜಾಕೆಟ್ಟಿಗಿಂತ ಜಾಸ್ತಿ ಜಾಗ ತಿನ್ನಲ್ಲ" ಅಂದು ಒಳಗೆ ಹೋದಳು. ಮೊರ ಎತ್ತಿ ಅಟ್ಟದ ಮೇಲೆ ಹಾಕಿದೆ. ಸಂಜೆ ನೋಡಿದರೆ ಮತ್ತೆ ಕೆಳಗಿದ್ದವು.

ನವೆಂಬರ್ 22, ಶನಿವಾರ

ಅಮ್ಮನನ್ನು ಅನಂತಪುರದ ಡಾಕ್ಟರಿಗೆ ತೋರಿಸಿದೆವು. ನಾನು ಹೋಗಲೇಬೇಕೆಂದು ಹಟ ಹಿಡಿದು ಹೋದೆ. ಅಮ್ಮ ಒಳ್ಳೆಯ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಬಂದಿದ್ದಳು. ಯಾತಕ್ಕೆ ಕರೆದೊಯ್ಯುತ್ತಿದ್ದೇವೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಡಾಕ್ಟರು ತೆಲುಗಿನಲ್ಲಿ ವಾರ ಯಾವುದು, ಊಟಕ್ಕೆ ಏನು ತಿಂದಿರಿ, ಮೊಮ್ಮಕ್ಕಳ ಹೆಸರೇನು ಎಂದೆಲ್ಲ ಕೇಳಿದರು. ವಾರ ತಪ್ಪಿದಳು, ಉಳಿದದ್ದೆಲ್ಲ ಹೇಳಿದಳು. ಆಮೇಲೆ ಅಣ್ಣ ಮಧ್ಯೆ ಬಾಯಿ ಹಾಕಿ ಸಮುದ್ರದ ವಿಷಯ ಹೇಳಿದ. ಡಾಕ್ಟರು ಮಗುವನ್ನು ಮಾತಾಡಿಸಿದ ಹಾಗೆ ಸಮುದ್ರ ಎಲ್ಲಿದೆಯೆಂದು ಕೇಳಿದರು, "ಸಮುದ್ರಂ ಎಕ್ಕಡುಂದಮ್ಮಾ?"

ಅಮ್ಮ ತಟಕ್ಕನೆ ಹೇಳಿದಳು. "ಮಾ ಊರಿ ವೆನಕಾಲೇ."

ನಮ್ಮ ಊರಿನ ಹಿಂದೆಯೇ. ಡಾಕ್ಟರು ಅಣ್ಣನ ಕಡೆ ನೋಡಿ ತಲೆಯಾಡಿಸಿ ಮಾತ್ರೆ ಬರೆದರು. ಅಮ್ಮ ನಮ್ಮೆಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದಳು. ಅವಳಿಗೆ ಆಗ ಏನೋ ಅರ್ಥವಾಯಿತು ಅಂತ ಕಾಣುತ್ತದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ನವೆಂಬರ್ 23

ಬರೆಯಲು ಮನಸ್ಸಿಲ್ಲ. ಟೆಂಟು ಬಿಚ್ಚಿದೆ, ಮಡಚಿದೆ, ಮತ್ತೆ ಬಿಚ್ಚಿದೆ.

ನವೆಂಬರ್ 28, ಶುಕ್ರವಾರ

ಅಮ್ಮ ತಪ್ಪಿಸಿಕೊಂಡು ಹೋಗಿದ್ದಳು. ಕೈಚೀಲದಲ್ಲಿ ಒಂದು ಸೀರೆ, ಒಂದು ಚೊಂಬು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ ಯಾವಾಗ ಬರುತ್ತದೆಂದು ವಿಚಾರಿಸುತ್ತಿದ್ದಳಂತೆ. ಗುರುತಿನವರು ಕಂಡು ಅಣ್ಣನಿಗೆ ಹೇಳಿದರು. ಎಲ್ಲಿಗೆ ಹೊಂಟಿದ್ದೆ ಎಂದು ಅಣ್ಣ ಗದರಿದರೆ, "ಸಮುದ್ರಕ್ಕೆ. ನೀವ್ಯಾರೂ ಕರ್ಕೊಂಡು ಹೋಗಲ್ಲವಲ್ಲ" ಅಂದಳಂತೆ. ಅಲ್ಲೇ ಹತ್ತಿರದ ಸೆಟ್ಟೂರಿಗೆ ಟಿಕೆಟ್ ಕೇಳಿಕೊಂಡು ಸಮುದ್ರಕ್ಕೆ ಹೊರಟಿದ್ದಳು, ಪಾಪ.

ಈಗ ಅಣ್ಣ ಗೇಟಿಗೆ ಬೀಗ ಹಾಕಿದ್ದಾನೆ. ಒಳ್ಳೇದೇ ಮಾಡಿದೆ ಅಂದೆ. ಮಾತ್ರೆಯಿಂದ ಹಗಲೆಲ್ಲ ಮಲಗಿರುತ್ತಾಳಂತೆ. ಪ್ರವಾಸಕ್ಕೆ ಅವಳು ಬೇಡ, ನೀರು ಕಂಡರೆ ನುಗ್ಗಿಬಿಟ್ಟಾಳು ಅಂದ ಅಣ್ಣ. ಅದಕ್ಕೂ ಹೂಂ ಅಂದೆ. ಮಡಚುವ ಕುರ್ಚಿಯನ್ನು ಸಾಮಾನಿನಿಂದ ಹೊರಗಿಟ್ಟೆ. ಆಮೇಲೆ ಅದೇ ಕುರ್ಚಿಯ ಮೇಲೆ ತುಂಬ ಹೊತ್ತು ಕೂತಿದ್ದೆ.

ಡಿಸೆಂಬರ್ 2, ಮಂಗಳವಾರ

ನನ್ನ ಚೆಕಪ್ ಆಯಿತು. ಎಲ್ಲ ಸರಿಯಾಗಿದೆ, ಮಂಡಿಗೂ ಹೋಗಬಹುದು ಅಂದರು ಡಾಕ್ಟರು. ಮನೆಗೆ ಬಂದು ಊಟ ಮುಗಿಸಿ ಗೇಟಿಗೆ ಕೈ ಹಾಕಿದರೆ ಅದೇ ದನಿ: "ಎಲ್ಲಿಗೆ ಹೊಂಟ್ರಿ?"

ನನಗೆ ಪಿತ್ತ ನೆತ್ತಿಗೇರಿತು. "ಡಾಕ್ಟರು ಹೇಳಿದ್ದಾರೆ. ನಾನೂ ಹೇಳ್ತಿದೀನಿ, ನಂಗೇನೂ ಆಗಿಲ್ಲ ಅಂತ. ನನ್ನ ಎದೆ ವಿಚಾರ ನಾನು ಹೇಳಿದ್ರೆ ನೀವ್ಯಾಕೆ ನಂಬಲ್ಲ? ನಾನೇನು ಹುಚ್ಚನಾ?" ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಾಡಿದೆ.

ಶಿವಲೀಲಾ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ಹೂಂ, ನನ್ನ ತಪ್ಪೇ. ಹೆದರಿಕೆ ನಂಗೆ, ಏನ್ ಮಾಡ್ಲಿ? ಆದ್ರೆ ಅತ್ತೆ ಹೇಳಿದ್ದನ್ನ ನೀವು ನಂಬಿದ್ರಾ? ನಂಬೋದಿರ್ಲಿ, ಕೂತು ಕೇಳಿದ್ರಾ?"

ಚಿಲಕದ ಮೇಲಿನ ಕೈ ತೆಗೆದು ಒಳಗೆ ಬಂದೆ. ನಮ್ಮ ಗೇಟಿಗೆ ಚಿಲಕ ಮಾತ್ರ ಇದೆ. ಅಮ್ಮನ ಗೇಟಿಗೆ ಬೀಗ ಇದೆ.

ಡಿಸೆಂಬರ್ 3, ಬುಧವಾರ. ಕಲ್ಯಾಣದುರ್ಗ

ಬೆಳಿಗ್ಗೆ ಎದ್ದು "ಅಮ್ಮನ ಹತ್ರ ಹೋಯ್ತೀನಿ" ಅಂದೆ. ಶಿವಲೀಲಾ ಬೇಡ ಅನ್ನಲಿಲ್ಲ, ಮಾತ್ರೆ ಡಬ್ಬಿ ಮತ್ತು ಎರಡು ರೊಟ್ಟಿ ಕಟ್ಟಿಕೊಟ್ಟಳು. ಪೆನುಕೊಂಡದಲ್ಲಿ ಬಸ್ ಬದಲಿಸಿದೆ. ಕಿಟಕಿ ಪಕ್ಕ ಸೀಟೂ ಸಿಗಲಿಲ್ಲ.

ಅಣ್ಣ ಅಂಗಡಿಯಲ್ಲಿದ್ದ. ಅತ್ತಿಗೆ ಬೀಗ ತೆಗೆದರು. ಅಮ್ಮ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಇಷ್ಟು ದಿನದಲ್ಲಿ ಅರ್ಧಕ್ಕರ್ಧ ಆಗಿಹೋಗಿದ್ದಾಳೆ. ಪಕ್ಕದಲ್ಲಿ ಕೂತೆ. ಏನು ಕೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡದ್ದೆಲ್ಲ ಮರೆತುಹೋಯಿತು.

"ಅಮ್ಮ, ನಾನು ಸಮುದ್ರಕ್ಕೆ ಹೋಗ್ಬೇಕು. ದಾರಿ ಹೇಳು."

ಅಮ್ಮ ತಿರುಗಿ ನನ್ನ ಕಣ್ಣನ್ನೇ ನೋಡಿದಳು, ಲೇವಡಿಯೋ ನಿಜವೋ ಎಂದು. ನಾಲಿಗೆ ಸ್ವಲ್ಪ ತೊದಲುತ್ತಿತ್ತು.

"ಸೆಟ್ಟೂರಿನಾಗೆ ಇಳಿ. ಅಲ್ಲಿಂದ ಆಟೋ ಸಿಗ್ತೈತೆ ನಮ್ಮೂರಿಗೆ. ನಮ್ಮಪ್ಪನ ಮನೆ ಹಿಂದ್ಗಡೆ ಹಾದು ಬಸವಣ್ಣನ ಗುಡಿ ದಾಟಿದ್ರೆ ಏರಿ ಕಾಣ್ತೈತಲ್ಲ. ಅದೇ. ಇನ್ನೆಲ್ಲೈತೆ ಸಮುದ್ರ?"

ಏರಿ ಅಂದಳು. ಸಮುದ್ರಕ್ಕೆ ಏರಿ.

ತಾತ ರೇವಣಪ್ಪ ಜಗಲಿ ಮೇಲೆ ಕೂತು ಕೂಗುತ್ತಿದ್ದದ್ದು ಕಿವಿಯಲ್ಲಿ ಕೇಳಿಸಿತು. "ಸಮುದ್ರದ ಕಡೀಕೆ ಹೋಗ್ಬೇಡ್ರಲಾ, ಜಾಲಿಮುಳ್ಳು ಐತೆ! ಕುರಿ ಸಮುದ್ರದಾಗೆ ಬಿಟ್ಟೈತೆ, ಹೊಡ್ಕೊಂಡು ಬರ್ರಲಾ!" ಬೇಸಿಗೆ ರಜೆಯಲ್ಲಿ ನಾನೂ ಅಣ್ಣನೂ ಅಲ್ಲಿ ಆಡಿದ್ದೆವು. ನಮಗೆ ಅದು ಮುಳ್ಳಿನ ಬಯಲು, ಆ ಹೆಸರು ಅದಕ್ಕೆ ಯಾಕಿದೆ ಎಂದು ಯೋಚಿಸಿದ್ದೇ ಇಲ್ಲ. ನಾವು ಹುಟ್ಟುವ ಹೊತ್ತಿಗೇ ಆ ಕೆರೆ ಒಣಗಿತ್ತು. ಯಾವ ಕಾಲದ ರಾಜನೋ ಕಟ್ಟಿಸಿ ಸಮುದ್ರ ಎಂದು ಹೆಸರಿಟ್ಟ ಕೆರೆ. ಊರಿನವರಿಗೆ ಅದೊಂದೇ ಸಮುದ್ರ.

"ಕಾಲುವೆ ನೀರು ಬಿಟ್ಟವ್ರಂತೆ, ಮಳೆನೂ ಆಗೈತೆ. ಕೋಡಿ ಬಿದ್ದೈತಂತೆ ಕಣಪ್ಪ" ಅಂದಳು ಅಮ್ಮ. "ಕೋಡಿ ಬಿದ್ರೆ ಊರಿನ ಹೆಣ್ಣುಮಕ್ಕಳು ಬಂದು ಬಾಗಿನ ಬಿಡ್ಬೇಕು. ನಾನು ಬಿಡೋ ಹಂಗಿಲ್ಲ. ಸೊಸೇರ ಕೈಲಾದ್ರೂ ಬಿಡಿಸಾಣ ಅಂತ. ನೀವು ನಕ್ಬುಟ್ರಿ."

ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತಿಗೆ ನನಗೇನೋ ಆಯಿತೆಂದು ಗಾಬರಿಯಾಗಿ ನೀರು ತಂದರು.

ಅಣ್ಣ ಬಂದ ಮೇಲೆ ಹೇಳಿದೆ. ಅವನು ಜೇಬಿನಿಂದ ಇನ್ನೊಂದು ಬೀಗದ ಕೈ ತೆಗೆದು ಅಮ್ಮನ ಮಂಚದ ಮೇಲಿಟ್ಟು, ಕೈಕಾಲು ತೊಳೆಯಲು ಹೋದವನು ತುಂಬ ಹೊತ್ತು ಹೊರಗೆ ಬರಲಿಲ್ಲ.

ಡಿಸೆಂಬರ್ 7, ಭಾನುವಾರ

ಹೋಗಿಬಂದೆವು. ಓಬುಳಪತಿಯ ವ್ಯಾನು, ಎಲ್ಲರೂ, ಎರಡು ಮೊರ. ಸ್ನೇಹಾ ಒಂದು ಕಿತ್ತಳೆ ಜಾಕೆಟ್ಟನ್ನೂ ಹಾಕಿಕೊಂಡು ಬಂದಿದ್ದಳು.

ಏರಿ ಕಡಿದಾಗಿದೆ, ಕಲ್ಲೆಲ್ಲ ಸಡಿಲ. ಅಮ್ಮನ ಕೈ ಹಿಡಿದು ಹತ್ತಿಸಿದೆ. ಕೆಳಗೆ ನಾಗಕ್ಕ ಕಾಯುತ್ತಿದ್ದಳು, ಇಳಿದು ಹೋಗಿ ಅವಳನ್ನೂ ಹತ್ತಿಸಿದೆ. ಮೊರ ವ್ಯಾನಿನಲ್ಲೇ ಮರೆತಿದ್ದೆವು, ಮತ್ತೆ ಇಳಿದು ತಂದೆ.

ಮೇಲೆ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರ ನೀರು. ನಾವು ಆಡುತ್ತಿದ್ದ ಜಾಲಿ ಮರಗಳು ನೀರಿನ ನಡುವೆ ಒಣಗಿ ನಿಂತಿವೆ. ಗಾಳಿ ಜೋರಾಗಿತ್ತು. ಅಲೆ ಬಂದು ಏರಿಯ ಕಲ್ಲಿಗೆ ಬಡಿದು ನಮ್ಮ ಪಂಚೆ ಸೀರೆಯೆಲ್ಲ ನೆನೆಯಿತು. ರಸ್ತೆಯಿಲ್ಲ, ಅಂಗಡಿಯಿಲ್ಲ. ನಾನು ಹುಡುಕುತ್ತಿದ್ದದ್ದೆಲ್ಲ ಇತ್ತು.

ಶಿವಲೀಲಾ, ಅತ್ತಿಗೆ ಇಬ್ಬರೂ ಮೊರದಲ್ಲಿ ಬಳೆ, ರವಿಕೆ ಕಣ, ಕಾಳು ಇಟ್ಟು ನೀರಿಗಿಳಿದರು. ಅಮ್ಮ ದೂರ ನಿಂತಿದ್ದಳು. ಶಿವಲೀಲಾ ವಾಪಸು ಬಂದು ಅವಳ ಕೈ ಎಳೆದುಕೊಂಡು ಹೋಗಿ ಮೊರದ ಮೇಲೆ ಇಡಿಸಿದಳು. ನಾಗಕ್ಕ ಏನೋ ಅನ್ನುತ್ತಾಳೆ ಅಂದುಕೊಂಡೆ. ಅವಳು ಬೇರೆ ಕಡೆ ನೋಡುತ್ತಿದ್ದಳು.

ಮೊರ ತೇಲಿ ಹೋದ ಮೇಲೆ ಅಮ್ಮ ಬೊಗಸೆಯಲ್ಲಿ ನೀರು ಎತ್ತಿ ಕುಡಿದಳು. ಮತ್ತೆ ಬೊಗಸೆ ತುಂಬಿಕೊಂಡು, ಸೋರದ ಹಾಗೆ ಮೆಲ್ಲಗೆ ನಡೆದು ಅಣ್ಣನ ಹತ್ತಿರ ಬಂದಳು.

"ಕುಡಿ ಪ್ರಸಾದು. ಉಪ್ಪೈತಾ ನೋಡು."

ಅಣ್ಣ ಎಂದೂ ಬಾಟಲಿ ನೀರು ಬಿಟ್ಟು ಬೇರೆ ಕುಡಿಯುವವನಲ್ಲ. ಬಗ್ಗಿ ಅಮ್ಮನ ಕೈಗೆ ಬಾಯಿಟ್ಟು ಪೂರಾ ಕುಡಿದ. ತಲೆಯೆತ್ತಿದಾಗ ಗಲ್ಲವೆಲ್ಲ ಒದ್ದೆ.

"ಬೆಲ್ಲ ಇದ್ದಂಗೈತೆ ಕಣಮ್ಮ" ಅಂದ.

ಜನವರಿ 12, ಸೋಮವಾರ. ಹಿಂದೂಪುರ

ಇಷ್ಟು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಹೊಸ ಹುಣಸೆಹಣ್ಣು ಬರುವ ಮುಂಚೆ ಗೋಡೌನು ಸುಣ್ಣ ಹೊಡೆಸಬೇಕಿತ್ತು. ಹಳೆಯ ಡೈರಿಯ ಕೊನೆಯಲ್ಲಿ ಖಾಲಿ ಹಾಳೆ ಉಳಿದಿದ್ದವು, ಅದರಲ್ಲೇ ಗೀಚುತ್ತಿದ್ದೇನೆ.

ಅಮ್ಮನ ಮಾತ್ರೆ ನಿಲ್ಲಿಸಿದ್ದಾರೆ. ಅಣ್ಣನೇ ಅನಂತಪುರಕ್ಕೆ ಹೋಗಿ ಎಲ್ಲ ಹೇಳಿದನಂತೆ. ಈ ವಯಸ್ಸಿಗೆ ಗ್ಯಾಸು ಮರೆಯುವುದು ದೊಡ್ಡದಲ್ಲ, ಗಮನವಿಟ್ಟಿರಿ ಅಂದರಂತೆ ಡಾಕ್ಟರು. ಅಮ್ಮ ಇಲ್ಲಿಗೆ ಬಂದು ವಾರವಾಯಿತು. ನಾಳೆ ಬೆಳಗ್ಗೆ ಗೋಕರ್ಣದ ಕಡೆ ಹೊರಡುವುದು. ಅವಳು ಬರುತ್ತಾಳೋ ಇಲ್ಲವೋ ಎಂದು ಹೆದರಿ ಹೆದರಿ ಕೇಳಿದೆ.

"ಆ ಇನ್ನೊಂದಕ್ಕಾ? ಅದಕ್ಕೂ ಸಮುದ್ರ ಅಂತಲೇ ಹೆಸರಾ?" ಅಂದಳು. "ಬತ್ತೀನಿ. ಎಂಗೈತೋ ನೋಡಾಣ."

ಬೆಟ್ಟವೋ ದೋಣಿಯೋ ಅಲ್ಲಿಗೆ ಹೋಗಿ ನೋಡಿದರಾಯಿತು. ಕುರ್ಚಿ ವ್ಯಾನಿಗೆ ಹತ್ತಿದೆ. ಅದರ ಪಕ್ಕದಲ್ಲಿ ಅಮ್ಮನ ಪೂಜೆಗೆ ಕ್ಯಾನಿನಲ್ಲಿ ನೀರು. ಬಾವಿ ನೀರಲ್ಲ. ನಿನ್ನೆ ನಾನೂ ಅಣ್ಣನೂ ಸೆಟ್ಟೂರಿನ ಆಚೆ ಹೋಗಿ ತುಂಬಿಕೊಂಡು ಬಂದದ್ದು. ಸಮುದ್ರಕ್ಕೆ ಸಮುದ್ರದ ನೀರನ್ನೇ ಹೊತ್ತುಕೊಂಡು ಹೋಗುವ ದಡ್ಡರು ನಾವೇ ಇರಬೇಕು.